ಬಾಣಂತನಕ್ಕೆ ಹೋದವಳ ವಿಳಾಸ

2024ರ ಸೆಪ್ಟೆಂಬರ್ 9, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಆರ್.ಟಿ. ನಗರದ ನಮ್ಮ ಕಚೇರಿಯ ಕಂಪ್ಯೂಟರಿಗೆ ಒಂದು ಸಂದೇಶ ಬಂತು. ಮೊಜಾಂಬಿಕ್ ದೇಶದ ಪ್ರಜೆ ಇಲ್ದಾ ಅವರ ವೀಸಾ ವಿಸ್ತರಣೆ ಅರ್ಜಿಯನ್ನು ಮುಚ್ಚಲಾಗಿದೆ, ಅರ್ಜಿದಾರರು ಕೊಟ್ಟ ವಿಳಾಸದಲ್ಲಿ ವಾಸವಿಲ್ಲ ಎಂದು ಅದರಲ್ಲಿತ್ತು. ವೀಸಾ ಮುಗಿಯುವುದಕ್ಕೆ ಎರಡು ದಿನ ಉಳಿದಿತ್ತು. ವೈದ್ಯರು ಹೆರಿಗೆಗೆ ಕೊಟ್ಟಿದ್ದ ದಿನಾಂಕ ಸೆಪ್ಟೆಂಬರ್ 24. ತಪ್ಪು ನನ್ನದಾಗಿತ್ತು.

ಇಪ್ಪತ್ತೆರಡು ವರ್ಷ ನಾನು ಒಬ್ಬ ಆಡಿಟರ್ ಬಳಿ ಕೆಲಸ ಮಾಡಿದೆ. ಅದಕ್ಕೆ ಮೊದಲು ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಪತ್ರಿಕೆ ನಿಂತಿತು. ಪರಿಚಯದವರೊಬ್ಬರು ಆಡಿಟರ್ ಅನಂತರಾಮಯ್ಯನವರ ಹತ್ತಿರ ಕಳಿಸಿದರು. ಅವರು ನನ್ನ ಮುಂದೆ ಒಂದು ಪಾಸ್‌ಪೋರ್ಟ್ ಮತ್ತು ಒಂದು ಅರ್ಜಿ ಇಟ್ಟು, "ಒಂದಕ್ಕೊಂದು ಹೊಂದದೆ ಇರೋದು ಎಷ್ಟಿದೆ ಹೇಳಿ" ಎಂದರು. ಐದು ಎಂದೆ. ಅವರಿಗೆ ಗೊತ್ತಿದ್ದದ್ದು ನಾಲ್ಕು. ಅಂದೇ ಕೆಲಸಕ್ಕೆ ಸೇರಿಸಿಕೊಂಡರು.

ನಮ್ಮಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಎರಡು ದೇಶಗಳ ಸಂಸಾರದವರು. ಗಂಡ ಇಲ್ಲಿಯವನು, ಹೆಂಡತಿ ಹೊರಗಿನವಳು. ಅಥವಾ ಅದರ ತಿರುವುಮುರುವು. ಮಕ್ಕಳು ಒಂದೊಂದು ದೇಶದಲ್ಲಿ ಹುಟ್ಟಿರುತ್ತಿದ್ದರು. ಅವರ ವೀಸಾ, ನೋಂದಣಿ, ಆದಾಯ ತೆರಿಗೆ, ಮಕ್ಕಳ ಪಾಸ್‌ಪೋರ್ಟ್ ಎಲ್ಲದರ ಕಾಗದಪತ್ರ ನಮ್ಮ ಪಾಲಿಗೆ. ಈ ಕೆಲಸಕ್ಕೆ ಈಗ ಸೇರುತ್ತಿರುವವರು ನಿಯಮಗಳನ್ನು ನನಗಿಂತ ಚೆನ್ನಾಗಿ ಓದಿರುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ನಡೆದದ್ದನ್ನು.

ಮೊದಲು ಒಂದು ಹಳೆಯ ತಪ್ಪು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿದ ಒಬ್ಬರು ಬ್ರೆಜಿಲ್‌ನ ಕುದುರೆ ಲಾಯವೊಂದರಲ್ಲಿ ವೈದ್ಯರಾಗಿದ್ದರು. ಹೆಂಡತಿ ಅಲ್ಲಿಯವರು, ಇಬ್ಬರು ಮಕ್ಕಳು. ಒಂದು ವರ್ಷ ತಂದೆಯ ಶುಶ್ರೂಷೆಗೆಂದು ಬಂದು ಯಲಹಂಕದಲ್ಲಿ ಅರ್ಧ ವರ್ಷ ಉಳಿದರು. ಇಲ್ಲಿ 182 ದಿನ ಇದ್ದರೆ ಅವರ ಬ್ರೆಜಿಲ್ ಸಂಬಳಕ್ಕೂ ಇಲ್ಲಿ ತೆರಿಗೆ ಲೆಕ್ಕ ಹಾಕಬೇಕು. ನಾನು ವಿಮಾನದ ಟಿಕೆಟ್ ನೋಡಿ ಎಣಿಸಿದೆ. 182 ಬಂತು. ಹಾಗೇ ಬರೆದು ಸಲ್ಲಿಸಿದೆ. ಎರಡು ತಿಂಗಳ ಮೇಲೆ ಅನಂತರಾಮಯ್ಯನವರು ಫೈಲು ತೆರೆದು, ಪಾಸ್‌ಪೋರ್ಟಿನ ಸೀಲನ್ನು ಬೆರಳಿನಲ್ಲಿ ಒತ್ತಿ ತೋರಿಸಿದರು. ವಿಮಾನ ಹೊರಟಿದ್ದು ಒಂದನೇ ತಾರೀಖು ನಸುಕಿನಲ್ಲಿ. ಸೀಲು ಬಿದ್ದಿದ್ದು ಅದರ ಹಿಂದಿನ ದಿನ ರಾತ್ರಿ ಹನ್ನೊಂದಕ್ಕೆ. ಲೆಕ್ಕ 181.

"ಟಿಕೆಟ್ ಅನ್ನೋದು ಏರ್‌ಲೈನ್‌ನವನ ಆಸೆ ಶಾರದಮ್ಮ. ಸೀಲು ನಡೆದದ್ದು," ಎಂದರು.

ತಿದ್ದಿದ ರಿಟರ್ನ್ ಸಲ್ಲಿಸಿದೆವು. ವೈದ್ಯರು ಸಿಟ್ಟಾಗಲಿಲ್ಲ. "ಕುದುರೆ ಹಲ್ಲು ಎಣಿಸೋದು ಕಲಿಸಿಕೊಡ್ಲಾ ಮೇಡಂ? ಅದರಲ್ಲಿ ವಯಸ್ಸು ಒಂದು ದಿನ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ," ಎಂದು ನಕ್ಕರು. ಆಮೇಲೆ ನಾನು ಟಿಕೆಟ್ ಎಣಿಸಲಿಲ್ಲ.

ವಿದೇಶಿಯರ ನೋಂದಣಿ ಕೆಲಸ ಆಗ ಕೈಯಲ್ಲೇ ನಡೆಯುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ನೋಂದಣಿ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಮೂರು ಸೆಟ್ ಜೆರಾಕ್ಸ್, ಟ್ಯಾಗ್ ಹಾಕಿದ ಫೈಲು. ಕಿಟಕಿಯ ಹಿಂದೆ ಒಬ್ಬ ಗುಮಾಸ್ತರಿದ್ದರು. ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದರು. ಟ್ಯಾಗ್ ಸಡಿಲವಾಗಿದ್ದರೆ ಫೈಲು ವಾಪಸ್. ಆದರೆ ಪ್ರತಿಯೊಬ್ಬರಿಗೂ ಅವರದೊಂದು ಪ್ರಶ್ನೆ ಇರುತ್ತಿತ್ತು. "ಇವರು ಇವತ್ತು ರಾತ್ರಿ ಎಲ್ಲಿ ಮಲಗ್ತಾರೆ?" ಉತ್ತರ ಅರ್ಜಿಯ ವಿಳಾಸಕ್ಕೆ ಹೊಂದದಿದ್ದರೆ ಅಲ್ಲೇ ಹೊಡೆದು ಬರೆಸುತ್ತಿದ್ದರು. 2018ರ ನಂತರ ಎಲ್ಲವೂ ಆನ್‌ಲೈನ್ ಆಯಿತು. ಸಾಲು ಹೋಯಿತು, ಕೆಲಸ ಬೇಗ ಆಗತೊಡಗಿತು. ಅದು ಒಳ್ಳೆಯದೇ. ಆ ಪ್ರಶ್ನೆಯನ್ನು ಇನ್ನು ಮೇಲೆ ನಾವೇ ಕೇಳಿಕೊಳ್ಳಬೇಕು ಎಂಬುದು ನನಗೆ ತಿಳಿದದ್ದು ಇಲ್ದಾಳ ಫೈಲಿನಲ್ಲಿ.

ಇಲ್ದಾಳ ಗಂಡ ಮಲ್ಲಿಕಾರ್ಜುನ. ಕಲಬುರಗಿಯವರು. ಯಶವಂತಪುರದ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ. ಇಲ್ಲಿಯ ತೊಗರಿ ಸಾಲದ ವರ್ಷಗಳಲ್ಲಿ ಆಫ್ರಿಕಾದಿಂದ ತರಿಸುತ್ತಾರೆ. ಅದಕ್ಕಾಗಿ ಮೊಜಾಂಬಿಕ್‌ನ ನಕಾಲಾ ಬಂದರಿಗೆ ಹೋಗಿ ಬರುತ್ತಿದ್ದರು. ಬಂದರಿನ ತೂಕದ ಕಚೇರಿಯಲ್ಲಿ ಇಲ್ದಾ ಚೀಟಿ ಬರೆಯುತ್ತಿದ್ದಳು. "ನಾಕು ಸಲ ತೂಕ ತಪ್ಪ್ಯದ ಅಂತ ಜಗಳ ಮಾಡೀನ್ರಿ. ನಾಕೂ ಸಲ ಆಕಿದೇ ಖರೇ ಇತ್ತು," ಎಂದು ಮಲ್ಲಿಕಾರ್ಜುನ ಹೇಳಿದ್ದರು. 2023ರ ಡಿಸೆಂಬರ್‌ನಲ್ಲಿ ಇಲ್ಲಿ ಮದುವೆ ನೋಂದಣಿ ಆಯಿತು. ಮದುವೆಯಾಗಿ ಎರಡು ವರ್ಷ ತುಂಬುವ ತನಕ ವಿದೇಶಿ ಹೆಂಡತಿಗೆ ಇಲ್ಲಿ ಕಾಯಂ ಉಳಿಯಲು ಬೇಕಾದ ಒಸಿಐ ಕಾರ್ಡ್ ಸಿಗುವುದಿಲ್ಲ. ವೀಸಾ ಮೇಲೆಯೇ ಇರಬೇಕು, ಅವಧಿ ಮುಗಿಯುವ ಮೊದಲು ವಿಸ್ತರಿಸಿಕೊಳ್ಳಬೇಕು.

ಮದುವೆಯ ಹೊಸತರಲ್ಲಿ ಅವರು ಯಲಹಂಕದ ಹಳೇ ಪೇಟೆಯಲ್ಲಿ ಗೌರಮ್ಮ ಎಂಬವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದರು. ಗೌರಮ್ಮನವರದು ಅಲ್ಲಿಯ ಹಳೆಯ ಕುಟುಂಬ. ಗಂಡ ತೀರಿಕೊಂಡಿದ್ದಾರೆ. ನೆಲಮಹಡಿಯಲ್ಲಿ ರಾಗಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಇಲ್ದಾ ಕನ್ನಡ ಕಲಿತದ್ದು ಆ ಗಿರಣಿಯಲ್ಲಿ. ಐದು ತಿಂಗಳ ಮೇಲೆ ಮಾರುಕಟ್ಟೆಗೆ ಹತ್ತಿರವೆಂದು ದಂಪತಿ ಯಶವಂತಪುರದ ಮನೆಗೆ ಬಂದರು. ಆ ಬದಲಾವಣೆಯನ್ನು ನಾನೇ ಸಲ್ಲಿಸಿದ್ದೆ. ಎಲ್ಲ ಸರಿಯಾಗಿತ್ತು.

2024ರ ಆಗಸ್ಟ್ 12ರಂದು ಯಶವಂತಪುರದ ವಿಳಾಸದಿಂದ ವೀಸಾ ವಿಸ್ತರಣೆಗೆ ಅರ್ಜಿ ಹಾಕಿದೆ. ವೀಸಾ ಇದ್ದದ್ದು ಸೆಪ್ಟೆಂಬರ್ 11ರ ತನಕ. ಬೇಕಾದಷ್ಟು ಸಮಯವಿತ್ತು.

ಆಗಸ್ಟ್ 25, ಭಾನುವಾರ ಇಲ್ದಾಳ ಕುಬಸ. ಬೆಂಗಳೂರಿನ ಕಡೆ ಸೀಮಂತ ಎನ್ನುವುದನ್ನು ಅವರ ಕಡೆ ಕುಬಸ ಎನ್ನುತ್ತಾರೆ. ನನ್ನನ್ನೂ ಕರೆದಿದ್ದರು. ಕಲಬುರಗಿಯಿಂದ ಮಲ್ಲಿಕಾರ್ಜುನರ ತಾಯಿ ಬಂದಿದ್ದರು. ಹಸಿರು ಸೀರೆ, ಹಸಿರು ಬಳೆ ತವರಿನಿಂದ ಬರಬೇಕು. ಆಕೆ ಸೊಸೆಯನ್ನು ನೋಡಿ, "ತವರಿನವರು ಯಾರದಾರವಾ ಇಕಿಗೆ?" ಎಂದರು. ಅಷ್ಟರಲ್ಲಿ ಬಾಗಿಲಲ್ಲಿ ಗೌರಮ್ಮ. ಕೈಯಲ್ಲಿ ಸೀರೆ, ಹಿಂದೆ ಆಟೋದಲ್ಲಿ ಎರಡು ಬುಟ್ಟಿ.

"ನಾನೇ ಕಣಮ್ಮ. ಟ್ರಾಫಿಕ್ಕು ಹೆಬ್ಬಾಳದಲ್ಲಿ. ತಡ ಆಯ್ತು," ಎಂದರು.

"ನೀವು ಹೆಂಗ್ರಿ ತವರು?" ಎಂದರು ಬೀಗಿತ್ತಿ.

"ಮಾತು ಕಲ್ಸಿದ್ದು ಯಾರು? ನಾನು. ಮಾತು ಕಲ್ಸಿದೋಳು ತಾಯಿ ಅಲ್ವಾ?"

"ಖರೇ ಅದ. ನಾ ಒಂದು ಮಾತು ಕೇಳಿದ್ರ ಯಲಹಂಕದ ಮಾತಿನಾಗ ಉತ್ತರ ಕೊಡ್ತಾಳ," ಎಂದು ಬೀಗಿತ್ತಿ ನಕ್ಕರು. ಇಲ್ದಾ ನಡುವೆ ಕುಳಿತು, "ಇಬ್ರೂ ಸುಮ್ಕಿರಿ, ಒಟ್ಟೆ ಅಸೀತೈತೆ," ಎಂದಳು. ಎಲ್ಲರೂ ಊಟಕ್ಕೆ ಎದ್ದರು.

ಹೋಳಿಗೆ ಬಡಿಸುವಾಗ ಮಲ್ಲಿಕಾರ್ಜುನ ನನ್ನ ಎಲೆಯ ಮುಂದೆ ನಿಂತು ಹೇಳಿದರು. "ಅಕ್ಕಾರ, ಸಂಜಿಗಿ ಯಲಹಂಕಕ್ಕ ಕಳಸ್ತೀವ್ರಿ. ಬಾಣಂತನ ಗೌರವ್ವನ ಮನ್ಯಾಗ. ತವರಿಲ್ಲದ ಹೆಣಮಗಳು ಅನಿಸಿಕೋಬಾರದು ನೋಡ್ರಿ."

"ಒಳ್ಳೇದು," ಎಂದೆ.

ನಾನು ಆಡಿದ ಮಾತು ಅಷ್ಟೇ. ಮೊದಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುವುದು ನಮಗೆ ಎಷ್ಟು ಸಹಜವೆಂದರೆ, ಅದು ವಾಸಸ್ಥಳ ಬದಲಾವಣೆ ಎಂದು ತಲೆಗೆ ಹೋಗುವುದಿಲ್ಲ. ನಮ್ಮ ಮನೆಗಳ ಹೆಣ್ಣುಮಕ್ಕಳು ಐದು ತಿಂಗಳು ತವರಲ್ಲಿದ್ದರೂ ವಿಳಾಸ ಗಂಡನ ಮನೆಯದೇ. ಇಲ್ದಾ ಭಾರತದ ಪ್ರಜೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವಿದೇಶಿಯರು ಯಾರ ಮನೆಯಲ್ಲಿ ತಂಗಿದರೂ ಆ ಮನೆಯವರು ಇಪ್ಪತ್ತನಾಲ್ಕು ಗಂಟೆಯೊಳಗೆ ಸಿ ಫಾರಂ ತುಂಬಿ ತಿಳಿಸಬೇಕು. ವಿಳಾಸ ಬದಲಾವಣೆಯನ್ನು ವಿದೇಶಿಯೂ ತಿಳಿಸಬೇಕು. ಇದನ್ನು ನೂರಾರು ಜನರಿಗೆ ಹೇಳಿದವಳು ನಾನು. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಮನೆಗೆ ಬಂದೆ.

ಸೆಪ್ಟೆಂಬರ್ 9ರ ಸಂದೇಶ ಓದಿದ ತಕ್ಷಣ ಯಶವಂತಪುರಕ್ಕೆ ಹೋದೆ. ವಿಳಾಸ ಪರಿಶೀಲನೆಗೆ ಹೋಗಿದ್ದ ಕಾನ್‌ಸ್ಟೇಬಲ್ ಠಾಣೆಯಲ್ಲಿ ಸಿಕ್ಕರು. ನಡುವಯಸ್ಸಿನವರು, ಸಮಾಧಾನದ ಮನುಷ್ಯ.

"ಎರಡು ಸಲ ಹೋಗಿದ್ದೆ ಮೇಡಂ. ಇಪ್ಪತ್ತೊಂಬತ್ತಕ್ಕೆ ಒಂದ್ಸಲ, ಮೂವತ್ತೊಂದಕ್ಕೆ ಒಂದ್ಸಲ. ಎರಡು ಸಲವೂ ಬೀಗ. ಪಕ್ಕದ ಮನೆಯವರು ಆಯಮ್ಮ ಈಗ ಇಲ್ಲಿಲ್ಲ, ಯಲಹಂಕದಲ್ಲಿದ್ದಾರೆ ಅಂದ್ರು. ಇರೋದು ಬರೆದೆ. ಇಲ್ದಿರೋದು ಬರೀಬೇಕಿತ್ತಾ?"

ಬೇಡ ಎಂದೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ವರದಿ ಸರಿಯಾಗಿತ್ತು. ವರದಿ ನೋಡಿ ಅರ್ಜಿ ಮುಚ್ಚಿದವರೂ ಸರಿಯಾಗಿಯೇ ಮಾಡಿದ್ದರು.

ಈಗ ಯಲಹಂಕದ ವಿಳಾಸದಿಂದ ಹೊಸ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ಗೌರಮ್ಮನವರ ಸಿ ಫಾರಂ ಆಗಬೇಕು. ಸಿ ಫಾರಂ ತುಂಬಬೇಕಾದರೆ ಮನೆಯ ಮಾಲೀಕರು ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ ಒಪ್ಪಿಗೆ ಪಡೆಯಬೇಕು. ಇಲ್ದಾ ದಂಪತಿ ಬಾಡಿಗೆಗಿದ್ದಾಗ ಮಾಡಿಸಿದ್ದ ನೋಂದಣಿ ಗೌರಮ್ಮನವರ ಮೈದುನನ ಹೆಸರಿನಲ್ಲಿತ್ತು. ಮೇ ತಿಂಗಳಲ್ಲಿ ಅಣ್ಣತಮ್ಮಂದಿರ ಪಾಲಾಗಿ ಮನೆ ಗೌರಮ್ಮನವರ ಭಾಗಕ್ಕೆ ಬಂದಿತ್ತು. ಹೊಸದಾಗಿ ಮಾಡಿಸಬೇಕಾಯಿತು. ಯಲಹಂಕಕ್ಕೆ ಹೋದೆ. ಗೌರಮ್ಮ ಹಿಟ್ಟಿನ ಕೈಯಲ್ಲೇ ಒಂದು ಟ್ರಂಕು ತೆಗೆದರು. ಕರೆಂಟು ಬಿಲ್ಲು ಮಾವನ ಹೆಸರಿನಲ್ಲಿ. ಕಂದಾಯ ರಸೀದಿ ಗಂಡನ ಹೆಸರಿನಲ್ಲಿ. ಇಬ್ಬರೂ ಇಲ್ಲ.

"ಅವರಿಬ್ರನ್ನೂ ಕರ್ಕೊಂಬರ್ಬೇಕಾ ಸಾರದಮ್ಮ?" ಎಂದರು.

"ನೀವೊಬ್ಬರು ಸಾಕು. ಪಾಲುಪತ್ರ ಇದೆಯಾ?"

ಇತ್ತು. ಅಕ್ಕಿ ಡಬ್ಬದ ಕೆಳಗೆ. ಹತ್ತನೇ ತಾರೀಖು ಮಧ್ಯಾಹ್ನ ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದೆ. ಒಪ್ಪಿಗೆಗೆ ಒಂದೆರಡು ದಿನ ಹಿಡಿಯುವುದು ರೂಢಿ. ಹನ್ನೊಂದರ ಸಂಜೆಯವರೆಗೂ ಬರಲಿಲ್ಲ. ಅಂದು ವೀಸಾ ಮುಗಿಯಿತು. ನಾನು ಗೌರಮ್ಮನವರ ಮನೆಯಲ್ಲೇ ಕಾಯುತ್ತಿದ್ದೆ. ಹೊರಗೆ ಇಲ್ದಾ ಗಿರಣಿಯ ಕಟ್ಟೆಯ ಮೇಲೆ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. "ಅಕ್ಕ, ನಾಳೆ ಆಯ್ತದಾ?" ಎಂದು ಕೇಳಿದಳು. ಆಗುತ್ತದೆ ಎಂದೆ.

ಒಂದು ದಿನದ ತಡಕ್ಕೆ ಅಷ್ಟೇನೂ ಹೆದರಬೇಕಿರಲಿಲ್ಲ. ಹೆರಿಗೆಗೆ ಇನ್ನೂ ಹದಿಮೂರು ದಿನವಿತ್ತು. ಅಷ್ಟರಲ್ಲಿ ವಿಸ್ತರಣೆ ಸಿಕ್ಕರೆ ಹೆರಿಗೆಯ ದಿನ ಇಲ್ದಾ ಕಾನೂನಿನ ಪ್ರಕಾರವೇ ಇಲ್ಲಿರುತ್ತಿದ್ದಳು. ನನ್ನ ಎಣಿಕೆ ಅದಾಗಿತ್ತು.

ಸೆಪ್ಟೆಂಬರ್ 12, ಗುರುವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಯಲಹಂಕದ ಆಸ್ಪತ್ರೆಯೊಂದರಲ್ಲಿ ಇಲ್ದಾಳಿಗೆ ಹೆಣ್ಣುಮಗು ಹುಟ್ಟಿತು. ಗೌರಮ್ಮನವರ ನೋಂದಣಿಗೆ ಒಪ್ಪಿಗೆ ಬಂದಾಗ ಗಂಟೆ ಹನ್ನೊಂದು ದಾಟಿತ್ತು.

ಮಧ್ಯಾಹ್ನ ಸಿ ಫಾರಂ ತುಂಬಿ, ಹೊಸ ಅರ್ಜಿ ತೆರೆದೆ. ಕೊನೆಯ ಪುಟದಲ್ಲಿ ಅವಧಿ ಮೀರಿ ಉಳಿದದ್ದಕ್ಕೆ ದಂಡ ಕಟ್ಟಿ ಎಂದು ಬಂತು. ಮಲ್ಲಿಕಾರ್ಜುನ ಆಸ್ಪತ್ರೆಯಿಂದ ನೇರವಾಗಿ ಕಚೇರಿಗೆ ಪೇಡೆ ಡಬ್ಬ ಹಿಡಿದು ಬಂದಿದ್ದರು.

"ಕಟ್ಟಿಬಿಡ್ರಿ ಅಕ್ಕಾರ. ದಂಡ ಅಂದ್ರ ದಂಡ. ಮಾರ್ಕೆಟ್‌ನಾಗ ಲಾರಿ ಅಡ್ಡ ನಿಲ್ಲಿಸಿದ್ರ ದಿನಾ ಕಟ್ಟತೀವಿ," ಎಂದರು.

ಅನಂತರಾಮಯ್ಯನವರೂ ಬಾಗಿಲಿಗೆ ಬಂದು ನಿಂತರು. "ಕಟ್ಟಿ ಶಾರದಮ್ಮ. ಕಟ್ಟಿದರೆ ಒಂದು ವಾರದಲ್ಲಿ ವಿಸ್ತರಣೆ ಬರುತ್ತೆ. ಬಾಣಂತಿಯನ್ನ ಯಾಕೆ ತೊಂದರೆಗೆ ಹಾಕ್ತೀರಿ?"

"ಕಟ್ಟೋದಿಲ್ಲ ಸರ್," ಎಂದೆ.

ಅವರ ಬಳಿ ಅಷ್ಟು ವರ್ಷಗಳಲ್ಲಿ ನಾನು ಆ ಮಾತು ಹೇಳಿರಲಿಲ್ಲ. ಕಾರಣವನ್ನು ಇಬ್ಬರಿಗೂ ಬಿಡಿಸಿ ಹೇಳಿದೆ. ಇಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಭಾರತದ ಪ್ರಜೆಯಾಗಬೇಕಾದರೆ ತಂದೆ ತಾಯಿಯಲ್ಲಿ ಒಬ್ಬರು ಪ್ರಜೆಯಾಗಿರಬೇಕು. ಅಷ್ಟೇ ಸಾಲದು. ಇನ್ನೊಬ್ಬರು ಮಗು ಹುಟ್ಟಿದ ಗಳಿಗೆಯಲ್ಲಿ ಅಕ್ರಮ ವಲಸಿಗರಾಗಿರಬಾರದು. ವೀಸಾ ಮುಗಿದ ಮೇಲೂ ಉಳಿದವರು ಆ ಪದದ ಒಳಗೆ ಬರುತ್ತಾರೆ. ವೀಸಾ ಮುಗಿದದ್ದು ಹನ್ನೊಂದಕ್ಕೆ, ಮಗು ಹುಟ್ಟಿದ್ದು ಹನ್ನೆರಡಕ್ಕೆ. ಇವತ್ತು ದಂಡ ಕಟ್ಟಿದರೆ, ಹನ್ನೆರಡನೇ ತಾರೀಖು ಇಲ್ದಾ ಇಲ್ಲಿ ಅಕ್ರಮವಾಗಿದ್ದಳು ಎಂದು ನಾವೇ ಸಹಿ ಮಾಡಿ ಕೊಟ್ಟಂತೆ. ಆ ರಸೀದಿ ಮಗುವಿನ ಫೈಲಿನಲ್ಲಿ ಅದು ಬದುಕಿರುವಷ್ಟು ಕಾಲ ಇರುತ್ತದೆ.

ಮಲ್ಲಿಕಾರ್ಜುನ ಪೇಡೆ ಡಬ್ಬವನ್ನು ಮೇಜಿನ ಮೇಲಿಟ್ಟರು. "ಅಂದ್ರ ನನ್ನ ಮಗಳು ಯಾವ ದೇಶದಾಕಿರಿ?"

"ಸದ್ಯಕ್ಕೆ ಬರೆದು ಕೊಡೋ ಹಾಗಿಲ್ಲ."

ಅನಂತರಾಮಯ್ಯನವರು ಒಳಗೆ ಹೋಗಿ ಪೌರತ್ವ ಕಾಯಿದೆಯ ಪುಸ್ತಕ ತಂದರು. ನಿಂತುಕೊಂಡೇ ಓದಿದರು. ಆಮೇಲೆ ಕುಳಿತು ಮತ್ತೊಮ್ಮೆ ಓದಿದರು. "ಮತ್ತೇನು ದಾರಿ?" ಎಂದರು.

ದಾರಿ ಒಂದೇ ಇತ್ತು. ಆಗಸ್ಟ್ 12ರ ಮೊದಲ ಅರ್ಜಿಯನ್ನು ಸಕಾಲದಲ್ಲಿ ಹಾಕಿದ್ದೆವು. ಅದನ್ನು ಮುಚ್ಚಿದ್ದಕ್ಕೆ ಇದ್ದ ಕಾರಣ ವಿಳಾಸ ಮಾತ್ರ. ಆ ಅರ್ಜಿಯನ್ನೇ ಮತ್ತೆ ತೆರೆದು, ಹೊಸ ವಿಳಾಸ ಸೇರಿಸಿ, ಹಿಂದಿನ ವೀಸಾಕ್ಕೆ ಮುಂದುವರಿಕೆಯಾಗಿ ವಿಸ್ತರಣೆ ಕೊಡಿ ಎಂದು ಕೇಳಬೇಕು. ಕೇಳಬೇಕಾದರೆ ಅರ್ಜಿದಾರಳ ತಪ್ಪಿಲ್ಲ ಎಂದು ತೋರಿಸಬೇಕು. ಹಾಗಾದರೆ ತಪ್ಪು ಯಾರದು ಎಂದು ಬರೆಯಬೇಕು.

ಪತ್ರ ಬರೆದೆ. ನಾಲ್ಕು ಪ್ಯಾರಾ. "ಯಲಹಂಕಕ್ಕೆ ಹೋಗುವ ವಿಷಯವನ್ನು ಅರ್ಜಿದಾರರ ಪತಿ ಆಗಸ್ಟ್ 25ರಂದು ನನಗೆ ತಿಳಿಸಿದರು. ನಾನು ಅದನ್ನು ಸಲ್ಲಿಸಲಿಲ್ಲ. ಇದು ನಮ್ಮ ಕಚೇರಿಯ ಲೋಪ" ಎಂಬುದು ಮೂರನೇ ಪ್ಯಾರಾ. ಅನಂತರಾಮಯ್ಯನವರು ಕೊನೆಯ ಸಾಲನ್ನು ಹೊಡೆದು, "ಮಾಹಿತಿ ವಿನಿಮಯದಲ್ಲಿ ಉಂಟಾದ ಕೊರತೆ" ಎಂದು ಮಾಡಿದರು.

"ಸರ್, ಕೊರತೆ ಯಾರದು ಅಂತ ಓದಿದವರು ಕೇಳ್ತಾರೆ."

"ನಮ್ಮ ತಪ್ಪು ಅಂತ ನಾವೇ ಬರೆದು ಕೊಡೋದಾ? ನಾಳೆ ಬೇರೆ ಕ್ಲೈಂಟ್‌ಗಳು ಇದನ್ನ ಓದಿದರೆ?"

"ನನ್ನ ಹೆಸರು ಹಾಕ್ತೀನಿ. ನಿಮ್ಮದು ಬೇಡ."

"ಕಚೇರಿ ಹೆಸರಿರುತ್ತಲ್ಲ ಮೇಲೆ."

ಅನಂತರಾಮಯ್ಯನವರು ಪತ್ರವನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. ಆಮೇಲೆ ತಮ್ಮ ತಿದ್ದುಪಡಿಯನ್ನು ತಾವೇ ಹೊಡೆದುಹಾಕಿ, "ಹಾಕಿ ಸಹಿ," ಎಂದರು. ಮುಂದಿನ ನಾಲ್ಕು ದಿನ ನನ್ನ ಜತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅವರ ಕೋಪದಲ್ಲಿ ತಪ್ಪಿರಲಿಲ್ಲ. ಆ ಪತ್ರದ ಸುದ್ದಿ ಹೊರಗೆ ಹೋಗಿ, ನಮ್ಮ ಕ್ಲೈಂಟ್ ಆಗಿದ್ದ ದೊಡ್ಡ ಕಂಪನಿಯೊಂದು ತನ್ನ ಫೈಲುಗಳನ್ನು ಬೇರೆಯವರಿಗೆ ಕೊಟ್ಟಿತು.

ಸೆಪ್ಟೆಂಬರ್ 19ರಂದು ವಿದೇಶಿಯರ ನೋಂದಣಿ ಕಚೇರಿಯಲ್ಲಿ ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಸಿಕ್ಕಿತು. ಬಾಣಂತಿ ಬರುವ ಹಾಗಿರಲಿಲ್ಲ. ನಾನು, ಮಲ್ಲಿಕಾರ್ಜುನ, ಗೌರಮ್ಮ ಹೋದೆವು. ಗೌರಮ್ಮ ದಾರಿಯುದ್ದಕ್ಕೂ, "ಬಾಣಂತೀನ ಬಿಟ್ ಬಂದಿವ್ನಿ, ಒಂದ್ ಗಂಟೇಲಿ ಮುಗೀತದಾ?" ಎಂದು ಕೇಳುತ್ತಿದ್ದರು. ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು. ಫೈಲನ್ನು ಮೊದಲೇ ಓದಿದ್ದರು.

"ಇದು ನಿಮ್ಮ ಸಹಿಯಾ?" ಎಂದು ಕೇಳಿದರು.

"ಹೌದು ಮೇಡಂ."

"ನಿಮಗೆ ಗೊತ್ತಾದದ್ದು ಯಾವಾಗ?"

"ಆಗಸ್ಟ್ 25, ಮಧ್ಯಾಹ್ನ ಒಂದೂವರೆ. ಊಟಕ್ಕೆ ಹೋಗಿದ್ದೆ."

"ಅದು ಪತ್ರದಲ್ಲಿಲ್ಲ."

"ಬೇಕಾದರೆ ಸೇರಿಸುತ್ತೇನೆ."

ಅವರು ಕುಬಸದ ಆಹ್ವಾನ ಪತ್ರಿಕೆ, ಫೋಟೋಗಳನ್ನು ನೋಡಿದರು. ಒಂದು ಫೋಟೋದಲ್ಲಿ ನಾನು ಎಲೆಯ ಮುಂದೆ ಕುಳಿತಿದ್ದೆ. ಅದರ ಮೇಲೆ ಗುರುತು ಹಾಕಿದರು. ಬಳಿಕ ಗೌರಮ್ಮನವರ ಕಡೆ ತಿರುಗಿದರು.

"ನಿಮಗೂ ಅರ್ಜಿದಾರರಿಗೂ ಏನು ಸಂಬಂಧ?"

"ತಾಯಿ."

"ಇಲ್ದಾ ಅವರು ಮೊಜಾಂಬಿಕ್‌ನವರು."

"ಗೊತ್ತು ಕಣಮ್ಮ. ಅವ್ರಮ್ಮ ಅಲ್ಲವ್ರೆ. ದಿನಾ ವಿಡಿಯೋದಲ್ಲಿ ಬತ್ತಾರೆ. ಮಗೀಗೆ ಎಣ್ಣೆ ಎಂಗೆ ಒತ್ತೋದು ಅಂತ ನಂಗೆ ಏಳ್ಕೊಡ್ತಾರೆ. ನನಗೆ ಗೊತ್ತಿಲ್ವಾ?"

ಅಧಿಕಾರಿ ನಗಲಿಲ್ಲ. "ಮನೆಗೆ ವಿದೇಶಿಯರು ಬಂದರೆ ತಿಳಿಸಬೇಕು ಅಂತ ನಿಮಗೆ ಯಾರೂ ಹೇಳಿರಲಿಲ್ವಾ?"

"ಬಾಡಿಗೆಗೆ ಬಂದಾಗ ಏಳಿದ್ರು, ಮೈದುನ ಬರೆಸ್ದ. ಬಾಡಿಗೆಯೋರಿಗೆ ಬರೆಸ್ತಾರೆ, ಸರಿ. ಮಗಳು ತವರಿಗೆ ಬಂದ್ಲು ಅಂತ ಯಾರಾದ್ರೂ ಪೊಲೀಸ್ಗೆ ಓಗಿ ಏಳ್ತಾರಾ?"

ಮಲ್ಲಿಕಾರ್ಜುನ ತಲೆ ತಗ್ಗಿಸಿದರು. ನಾನು ಗೌರಮ್ಮನವರ ಸೆರಗು ಮೆಲ್ಲಗೆ ಎಳೆದೆ. ಅಧಿಕಾರಿ ಸ್ವಲ್ಪ ಹೊತ್ತು ಬರೆಯುತ್ತಿದ್ದು, ಸಿ ಫಾರಂ ತಡವಾದದ್ದಕ್ಕೆ ಗೌರಮ್ಮನವರಿಗೆ ಲಿಖಿತ ಎಚ್ಚರಿಕೆ ಕೊಟ್ಟು ಸಹಿ ಹಾಕಿಸಿಕೊಂಡರು. ನನಗೆ, "ಪತ್ರವನ್ನ ಮೇಲಕ್ಕೆ ಕಳಿಸ್ತೀನಿ. ಶಿಫಾರಸು ಬರೀತೀನಿ. ಏನಾಗುತ್ತೆ ಅಂತ ಹೇಳೋಕಾಗಲ್ಲ. ಅಲ್ಲಿ ತನಕ ದಂಡ ಕಟ್ಟಬೇಡಿ," ಎಂದರು.

ಕೊನೆಯ ಮಾತನ್ನು ಮತ್ತೊಮ್ಮೆ ಹೇಳಿಸಿಕೊಂಡು ಬರೆದುಕೊಂಡೆ.

ಅಲ್ಲಿಂದ ಐದು ವಾರ ಯಾವ ಸುದ್ದಿಯೂ ಇಲ್ಲ. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಫೈಲಿನ ಸ್ಥಿತಿ ತೆರೆದು ನೋಡುತ್ತಿದ್ದೆ. ಪರಿಶೀಲನೆಯಲ್ಲಿದೆ ಎಂದಿರುತ್ತಿತ್ತು. ಮಗುವಿಗೆ ಯಾವ ದೇಶದ ಪಾಸ್‌ಪೋರ್ಟಿಗೂ ಅರ್ಜಿ ಹಾಕಲಿಲ್ಲ. ಮೊಜಾಂಬಿಕ್ ಪಾಸ್‌ಪೋರ್ಟ್ ಮಾಡಿಸಿದರೆ ನಾವೇ ಸೋತೆವೆಂದು ಒಪ್ಪಿಕೊಂಡ ಹಾಗೆ ಎಂದು ಅನಂತರಾಮಯ್ಯನವರು ಹೇಳಿದರು. ಅಷ್ಟು ಹೊತ್ತಿಗೆ ಅವರ ಕೋಪ ಇಳಿದಿತ್ತು. ಬೆಳಿಗ್ಗೆ ನನಗಿಂತ ಮೊದಲು ಅವರೇ ತೆರೆದು ನೋಡಿರುತ್ತಿದ್ದರು.

ಒಮ್ಮೆ ಯಲಹಂಕಕ್ಕೆ ಸಹಿಗೆಂದು ಹೋಗಿದ್ದೆ. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ. ಇಲ್ದಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದಳು. ತೂಕದ ಚೀಟಿ ಬರೆದ ಕೈ. ಫಾರಂ ತುಂಬುವಾಗ ಒಂದು ಕಾಲಂನಲ್ಲಿ ನಿಲ್ಲಿಸಿದಳು.

"ಅಕ್ಕ, ಇಲ್ಲಿ ಮಗು ದೇಶ ಅಂತ ಕೇಳೈತೆ. ಏನ್ ಬರೀಲಿ?"

"ಖಾಲಿ ಬಿಡು."

"ಖಾಲಿ ಬಿಟ್ರೆ ನಮ್ಮ ಬಂದರಲ್ಲಿ ಚೀಟಿ ವಾಪಸ್ ಕಳಿಸ್ತಿದ್ವಿ," ಎಂದಳು. ಖಾಲಿಯೇ ಬಿಟ್ಟಳು.

ಅಕ್ಟೋಬರ್ 25, ಶುಕ್ರವಾರ ಆದೇಶ ಬಂತು. ಮೊದಲ ಅರ್ಜಿಯನ್ನು ಮತ್ತೆ ತೆರೆಯಲಾಗಿದೆ, ವಿಳಾಸ ತಿದ್ದಲಾಗಿದೆ, ವೀಸಾವನ್ನು 2024ರ ಸೆಪ್ಟೆಂಬರ್ 12ರಿಂದ ಒಂದು ವರ್ಷ ವಿಸ್ತರಿಸಲಾಗಿದೆ ಎಂದಿತ್ತು. ದಂಡದ ಉಲ್ಲೇಖವಿರಲಿಲ್ಲ. ದಿನಾಂಕವನ್ನು ನಾನು ಓದಿದೆ, ಅನಂತರಾಮಯ್ಯನವರು ಓದಿದರು, ಆಮೇಲೆ ನಾನು ಗಟ್ಟಿಯಾಗಿ ಓದಿದೆ. ಪತ್ರಿಕೆಯಲ್ಲಿ ಕರಡು ತಿದ್ದುವಾಗ ಅಂಕಿಗಳನ್ನು ಇಬ್ಬರು ಹಾಗೆ ಓದುತ್ತಿದ್ದೆವು. ಮಲ್ಲಿಕಾರ್ಜುನರಿಗೆ ಫೋನ್ ಮಾಡಿದೆ. ಅವರು ಹರಾಜಿನ ಗದ್ದಲದ ನಡುವೆ ಇದ್ದರು.

"ಹನ್ನೆರಡರಿಂದ ಅದ ಅಂದ್ರಿ?" ಎಂದು ಕೇಳಿದರು.

"ಹನ್ನೆರಡರಿಂದ."

"ಹದಿಮೂರಲ್ಲಲಾ?"

"ಅಲ್ಲ."

ಫೋನ್ ಇಟ್ಟರು. ಅರ್ಧ ಗಂಟೆಯ ಮೇಲೆ ಮತ್ತೆ ಅವರೇ ಮಾಡಿ ಅದೇ ಪ್ರಶ್ನೆ ಕೇಳಿದರು.

ಆದೇಶದ ಜತೆ ನನ್ನ ಹೆಸರಿಗೆ ಇನ್ನೊಂದು ಪತ್ರವಿತ್ತು. ಆರು ತಿಂಗಳು ನಾನು ಯಾರ ಪರವಾಗಿಯೂ ಆ ಕಚೇರಿಗೆ ಅರ್ಜಿ ಸಲ್ಲಿಸುವಂತಿಲ್ಲ. ನಿವೃತ್ತಿಗೆ ಐದು ತಿಂಗಳು ಉಳಿದಿತ್ತು. ಆ ಐದು ತಿಂಗಳು ನಾನು ಕಚೇರಿಯಲ್ಲಿ ಹೊಸಬರು ತುಂಬಿದ ಅರ್ಜಿಗಳನ್ನು ಓದಿದೆ. ಅರ್ಜಿದಾರರು ಇವತ್ತು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಪ್ರತಿ ಫೈಲಿಗೂ ಕೇಳಿದೆ. ಎರಡು ಸಲ ಉತ್ತರ ಬೇರೆ ಬಂತು. ಒಬ್ಬಾಕೆ ಗಂಡನ ಅಕ್ಕನ ಮನೆಯಲ್ಲಿದ್ದಳು, ಮನೆಗೆ ಬಣ್ಣ ಹೊಡೆಸುತ್ತಿದ್ದರಂತೆ. ಇನ್ನೊಬ್ಬರು ಅತ್ತೆಯ ಜತೆ ಜಗಳವಾಡಿ ನಾಗಸಂದ್ರದಲ್ಲಿ ಗೆಳತಿಯ ಮನೆಯಲ್ಲಿದ್ದರು. ಎರಡೂ ವಿಳಾಸ ಬದಲಾವಣೆಗಳನ್ನು ಹೊಸಬರು ಅಂದೇ ಸಲ್ಲಿಸಿದರು.

2025ರ ಮಾರ್ಚ್ 31ಕ್ಕೆ ನಿವೃತ್ತಳಾದೆ.

ಮಗುವಿನ ಪಾಸ್‌ಪೋರ್ಟಿಗೆ ನವೆಂಬರ್‌ನಲ್ಲಿ ಅರ್ಜಿ ಹಾಕಿದ್ದರು. ತಾಯಿಯ ವೀಸಾದ ದಿನಾಂಕಗಳ ಬಗ್ಗೆ ಒಂದು ಪ್ರಶ್ನೆ ಬಂತು. ಆದೇಶದ ಪ್ರತಿ ಕೊಟ್ಟರು. 2025ರ ಜನವರಿಯಲ್ಲಿ ಪಾಸ್‌ಪೋರ್ಟ್ ಬಂತು. ಮೇ ತಿಂಗಳಲ್ಲಿ ಮೂವರೂ ನಕಾಲಾಗೆ ಹೋಗಿ, ಇಲ್ದಾಳ ತಾಯಿಗೆ ಮಗುವನ್ನು ತೋರಿಸಿದರು. ಜೂನ್ 14ರಂದು ಬೆಂಗಳೂರಿಗೆ ಮರಳಿದರು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಇಲ್ದಾ ವಿದೇಶಿಯರ ಸಾಲಿನಲ್ಲಿ ನಿಂತಳು. ಮಗು ತಂದೆಯ ಹೆಗಲ ಮೇಲೆ ಭಾರತೀಯರ ಸಾಲಿನಲ್ಲಿತ್ತು. ಮಲ್ಲಿಕಾರ್ಜುನ ಹೇಳಿದ ಪ್ರಕಾರ, ಮಗು ತಾಯಿಗಿಂತ ಇಪ್ಪತ್ತು ನಿಮಿಷ ಮೊದಲು ಹೊರಗೆ ಬಂತು.